ಮೂರು ನಿಮಿಷದ ಆಟ ಕಲಿಸುವುದೇನು, ಕೆಡಿಸುವುದೇನು?

‘ಮಗ ದಿನವಿಡೀ ಮೊಬೈಲಿನಲ್ಲಿ ಮೂರು ನಿಮಿಷದ ಚೆಸ್ ಆಡ್ತಾನೆ. ಇದರಿಂದ ಅವನ ಆಟ ಸುಧಾರಿಸುತ್ತದೋ, ಕೆಡುತ್ತದೋ?’ ಚೆಸ್ ತರಗತಿಗಳ ಬಾಗಿಲಲ್ಲಿ ನಿಂತು ತಂದೆ–ತಾಯಂದಿರು ಕೇಳುವ ಪ್ರಶ್ನೆ ಇದು. ಕೆಲವು ತರಬೇತುದಾರರು ಖಡಾಖಂಡಿತವಾಗಿ ಬೇಡ ಎನ್ನುತ್ತಾರೆ. ಇನ್ನು ಕೆಲವರು, ಈ ಕಾಲದಲ್ಲಿ ಆನ್‌ಲೈನ್ ಆಡದೆ ಮೇಲೆ ಬರುವುದು ಹೇಗೆ ಎಂದು ಮರುಪ್ರಶ್ನೆ ಹಾಕುತ್ತಾರೆ. ಇಬ್ಬರ ಮಾತಿನಲ್ಲೂ ಹುರುಳಿದೆ. ವೇಗದ ಆಟ ಕೊಡುವ ಬಲ, ಅದು ಉಳಿಸಿಹೋಗುವ ದೌರ್ಬಲ್ಯ ಎರಡೂ ಒಂದೇ ಬೇರಿನಿಂದ ಹುಟ್ಟುತ್ತವೆ. ಆ ಬೇರನ್ನು ಗುರುತಿಸಿಕೊಂಡರೆ ಏನನ್ನು ಉಳಿಸಿಕೊಳ್ಳಬೇಕು, ಏನನ್ನು ತಿದ್ದಬೇಕು ಎಂಬುದು ಸ್ಪಷ್ಟವಾಗುತ್ತದೆ. ಅದಕ್ಕೆ ಅಮೆರಿಕದ ಗ್ರ್ಯಾಂಡ್‌ಮಾಸ್ಟರ್ ಹಿಕಾರು ನಕಾಮುರಾ ಅವರ ಆಟಕ್ಕಿಂತ ಒಳ್ಳೆಯ ಪಾಠ ನನಗೆ ಕಂಡಿಲ್ಲ. ಆನ್‌ಲೈನ್ ವೇಗದ ಆಟದಲ್ಲಿ ಅವರಷ್ಟು ಎತ್ತರಕ್ಕೆ ಏರಿದವರು ವಿರಳ. ಅವರ ಗೆಲುವುಗಳಂತೆ ಸೋಲುಗಳೂ ಎಲ್ಲರ ಕಣ್ಣೆದುರಿಗಿವೆ.

ಮೊದಲು ಗಡಿಯಾರದ ಲೆಕ್ಕ. ವಿಶ್ವ ಚೆಸ್ ಸಂಸ್ಥೆ ಫಿಡೆಯ ನಿಯಮದ ಪ್ರಕಾರ, 60 ನಡೆಗಳ ಆಟಕ್ಕೆ ಒಬ್ಬ ಆಟಗಾರನಿಗೆ ಸಿಗುವ ಒಟ್ಟು ಸಮಯ ಹತ್ತು ನಿಮಿಷ ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಅದು ಬ್ಲಿಟ್ಜ್. ಹತ್ತು ನಿಮಿಷಕ್ಕಿಂತ ಹೆಚ್ಚು, ಒಂದು ಗಂಟೆಗಿಂತ ಕಡಿಮೆ ಇದ್ದರೆ ರ್‍ಯಾಪಿಡ್. ಆನ್‌ಲೈನ್ ತಾಣಗಳಲ್ಲಿ ಒಂದು–ಎರಡು ನಿಮಿಷದ ಆಟಕ್ಕೆ ಬುಲೆಟ್ ಎನ್ನುತ್ತಾರೆ. ‘3+2’ ಎಂದರೆ ಮೂರು ನಿಮಿಷದ ಜೊತೆಗೆ ಪ್ರತಿ ನಡೆಗೂ ಎರಡು ಸೆಕೆಂಡ್ ಸೇರುತ್ತಾ ಹೋಗುವ ಆಟ. 60 ನಡೆಗೆ ಲೆಕ್ಕ ಹಾಕಿದರೆ ಐದು ನಿಮಿಷವಾಯಿತು. ಇನ್ನೊಂದು ತುದಿಯಲ್ಲಿ ಕ್ಲಾಸಿಕಲ್ ಆಟವಿದೆ. ವಿಶ್ವ ಚಾಂಪಿಯನ್‌ಗೆ ಸವಾಲು ಹಾಕುವವರನ್ನು ಆರಿಸುವ ಕ್ಯಾಂಡಿಡೇಟ್ಸ್ ಟೂರ್ನಿಯಲ್ಲಿ, 2024ರಲ್ಲಿ, ಮೊದಲ 40 ನಡೆಗಳಿಗೇ ಪ್ರತಿ ಆಟಗಾರನಿಗೆ ಎರಡು ಗಂಟೆ ಕೊಡಲಾಗಿತ್ತು. ಬೋರ್ಡು ಅದೇ, ಕಾಯಿಗಳೂ ಅವೇ, ಆದರೆ ಎರಡೂ ಆಟಗಳು ಮನಸ್ಸಿನಿಂದ ಬೇಡುವುದು ಬೇರೆ ಬೇರೆ.

ನಕಾಮುರಾ ಹುಟ್ಟಿದ್ದು 1987ರಲ್ಲಿ, ಜಪಾನಿನ ಹಿರಾಕಾಟಾದಲ್ಲಿ. ಎರಡನೇ ವಯಸ್ಸಿನಲ್ಲಿ ಕುಟುಂಬದ ಜೊತೆ ಅಮೆರಿಕಕ್ಕೆ ಬಂದರು. ಮಲತಂದೆ ಸುನಿಲ್ ವೀರಮಂತ್ರಿ ಶ್ರೀಲಂಕಾ ಮೂಲದವರು, ಹೆಸರಾಂತ ಚೆಸ್ ತರಬೇತುದಾರ. 2003ರಲ್ಲಿ, ಹದಿನೈದು ತುಂಬಿದ ಕೆಲವೇ ತಿಂಗಳಲ್ಲಿ ಗ್ರ್ಯಾಂಡ್‌ಮಾಸ್ಟರ್ ಆಗಿ, ಅಮೆರಿಕದ ಅತಿ ಕಿರಿಯ ಗ್ರ್ಯಾಂಡ್‌ಮಾಸ್ಟರ್ ಎಂಬ ಬಾಬಿ ಫಿಶರ್ ಅವರ ದಾಖಲೆಯನ್ನು ಮುರಿದರು. ಆ ಹೊತ್ತಿಗಾಗಲೇ ಇಂಟರ್‌ನೆಟ್ ಚೆಸ್ ಕ್ಲಬ್‌ನಲ್ಲಿ ಆಡಿ ಬೆಳೆಯುತ್ತಿದ್ದ ಮೊದಲ ತಲೆಮಾರಿನ ಹುಡುಗರಲ್ಲಿ ಅವರೂ ಒಬ್ಬರು. ಐದು ಬಾರಿ ಅಮೆರಿಕದ ರಾಷ್ಟ್ರೀಯ ಚಾಂಪಿಯನ್ ಆದರು. 2011ರಲ್ಲಿ ನೆದರ್ಲೆಂಡ್ಸ್‌ನ ವೈಕ್ ಆನ್ ಜೀಯಲ್ಲಿ ವಿಶ್ವನಾಥನ್ ಆನಂದ್ ಮತ್ತು ನಾರ್ವೆಯ ಮ್ಯಾಗ್ನಸ್ ಕಾರ್ಲ್‌ಸನ್ ಇಬ್ಬರನ್ನೂ ಹಿಂದಿಟ್ಟು ಟಾಟಾ ಸ್ಟೀಲ್ ಟೂರ್ನಿ ಗೆದ್ದರು. 2018ರಿಂದ 2022ರವರೆಗೆ ಸತತ ಐದು ಬಾರಿ ಚೆಸ್ ಡಾಟ್ ಕಾಮ್‌ನ ಸ್ಪೀಡ್ ಚೆಸ್ ಚಾಂಪಿಯನ್‌ಷಿಪ್ ಅವರದಾಯಿತು.

ಇಂಥ ಆಟಗಾರನ ಮೊದಲ ಬಲ ಕಣ್ಣಿನಲ್ಲಿದೆ. 1973ರಲ್ಲಿ ವಿಲಿಯಂ ಚೇಸ್ ಮತ್ತು ಹರ್ಬರ್ಟ್ ಸೈಮನ್ ಎಂಬ ಅಮೆರಿಕದ ಸಂಶೋಧಕರು ಒಂದು ಪ್ರಯೋಗ ಪ್ರಕಟಿಸಿದರು. ನಿಜವಾದ ಆಟದಿಂದ ತೆಗೆದ ಒಂದು ಸ್ಥಿತಿಯನ್ನು ಐದು ಸೆಕೆಂಡ್ ತೋರಿಸಿ, ಕಾಯಿಗಳನ್ನು ಮತ್ತೆ ಜೋಡಿಸಲು ಹೇಳಿದಾಗ ಮಾಸ್ಟರ್ ಮಟ್ಟದ ಆಟಗಾರ ಹೊಸಬನಿಗಿಂತ ಬಹಳ ಮುಂದಿದ್ದ. ಅದೇ ಕಾಯಿಗಳನ್ನು ಅಡ್ಡಾದಿಡ್ಡಿ ಇಟ್ಟು ತೋರಿಸಿದಾಗ ಆ ಅಂತರ ಬಹುಮಟ್ಟಿಗೆ ಅಳಿಸಿಹೋಯಿತು. ಅಂದರೆ ಮಾಸ್ಟರ್‌ಗೆ ಇದ್ದದ್ದು ಅಸಾಧಾರಣ ನೆನಪಿನ ಶಕ್ತಿಯಲ್ಲ. ಪರಿಚಿತ ವಿನ್ಯಾಸಗಳ ದೊಡ್ಡ ಸಂಗ್ರಹ. ದೂರದಿಂದ ಬರುವ ಬಸ್ಸಿನ ಬೋರ್ಡನ್ನು ನಾವು ಅಕ್ಷರ ಕೂಡಿಸಿ ಓದುವುದಿಲ್ಲ, ಇಡೀ ಹೆಸರು ಒಂದೇ ನೋಟಕ್ಕೆ ಕಾಣುತ್ತದೆ. ಪಳಗಿದ ಆಟಗಾರನಿಗೆ ಕೋಟೆ ಕಟ್ಟಿಕೊಂಡ ರಾಜ, ಅವನ ಮುಂದಿನ ಮೂರು ಕಾಲಾಳು, ಅವರ ಮೇಲೆ ಕಣ್ಣಿಟ್ಟ ಒಂಟೆ ಎಲ್ಲ ಸೇರಿ ಹಾಗೆ ಒಂದೇ ಪದದಂತೆ ಕಾಣುತ್ತವೆ. ಸಾವಿರಾರು ವೇಗದ ಆಟಗಳು ಈ ಸಂಗ್ರಹವನ್ನು ತುಂಬುತ್ತವೆ, ಅದನ್ನು ಕ್ಷಣದಲ್ಲಿ ಹೊರತೆಗೆಯುವ ಅಭ್ಯಾಸವನ್ನೂ ಮಾಡಿಸುತ್ತವೆ. ನಕಾಮುರಾ ಅವರದು ಬರೀ ಬಾಯಿಪಾಠದ ಆರಂಭಗಳ ಬಲ ಎನ್ನುವವರು 2022ರ ರೇಕ್ಯಾವಿಕ್ ಟೂರ್ನಿಯನ್ನು ನೋಡಬೇಕು. ಹಿಂದಿನ ಸಾಲಿನ ಕಾಯಿಗಳನ್ನು ಚೀಟಿ ಎತ್ತಿದಂತೆ ಬೇರೆ ಬೇರೆ ಜಾಗದಲ್ಲಿಟ್ಟು ಆಡುವ ಫಿಶರ್ ರ್‍ಯಾಂಡಮ್ ಪದ್ಧತಿಯಲ್ಲಿ, ಕಂಠಪಾಠಕ್ಕೆ ಅವಕಾಶವೇ ಇಲ್ಲದ ಕಡೆ, ಅವರು ವಿಶ್ವ ಚಾಂಪಿಯನ್ ಆದರು.

ಎರಡನೆಯ ಬಲ, ಎದುರಾಳಿಯನ್ನು ಓದುವುದು. ನಿಧಾನದ ಆಟದಲ್ಲಿ ‘ಅತ್ಯುತ್ತಮ ನಡೆ ಯಾವುದು’ ಎಂದು ಕೇಳಿಕೊಳ್ಳುತ್ತೇವೆ. ವೇಗದ ಆಟದಲ್ಲಿ ‘ಅವನಿಗೆ ಉತ್ತರಿಸಲು ಕಷ್ಟವಾಗುವ ನಡೆ ಯಾವುದು’ ಎಂಬುದೂ ಅಷ್ಟೇ ಮುಖ್ಯ. ನಕಾಮುರಾ 2008ರಲ್ಲಿ ಆಗಿನ ಪ್ರಬಲ ಕಂಪ್ಯೂಟರ್ ಪ್ರೋಗ್ರಾಂ ರಿಬ್ಕಾವನ್ನು ಆನ್‌ಲೈನ್ ಬ್ಲಿಟ್ಜ್‌ನಲ್ಲಿ ಸೋಲಿಸಿದ ಆಟ ಇದಕ್ಕೆ ಸಾಕ್ಷಿ. ಲೆಕ್ಕಾಚಾರದಲ್ಲಿ ಯಂತ್ರವನ್ನು ಮೀರಿಸಲಾಗದು ಎಂದು ಬಲ್ಲ ಅವರು ಇಡೀ ಬೋರ್ಡನ್ನು ಕಾಲಾಳುಗಳಿಂದ ಬಿಗಿದು, ಆನೆ ಕೊಟ್ಟು ಸಣ್ಣ ಕಾಯಿ ಪಡೆದು, ಸುಮ್ಮನೆ ಹಿಂದೆ ಮುಂದೆ ಆಡುತ್ತಾ ಕೂತರು. ಕಾಯಿಗಳ ಎಣಿಕೆಯಲ್ಲಿ ತಾನೇ ಮುಂದಿದ್ದೇನೆ ಎಂದುಕೊಂಡ ಯಂತ್ರ, 50 ನಡೆಗಳ ನಿಯಮದಿಂದ ಆಟ ಡ್ರಾ ಆಗುವುದನ್ನು ತಪ್ಪಿಸಲು ಹೋಗಿ ತನ್ನ ಕೋಟೆಯನ್ನು ತಾನೇ ಒಡೆದುಕೊಂಡಿತು. ಆಟ ಮುಗಿದದ್ದು 271ನೇ ನಡೆಗೆ. ಎದುರಾಳಿಯ ಸ್ವಭಾವ ಅರಿತು ಅದಕ್ಕೆ ತಕ್ಕ ಹೊಲ ಹದ ಮಾಡುವ ಜಾಣ್ಮೆ ಅದು.

ಮೂರನೆಯದು ಸೋಲೊಪ್ಪದ ಗುಣ. ವೇಗದ ಆಟದಲ್ಲಿ ಒಂದು ಕುದುರೆ ಕಳೆದುಕೊಂಡವನೂ ಆಟ ಬಿಟ್ಟುಕೊಡುವುದಿಲ್ಲ. ಎದುರಾಳಿಯ ಗಡಿಯಾರದಲ್ಲಿ ಹತ್ತೇ ಸೆಕೆಂಡ್ ಉಳಿದಿರಬಹುದು. ಕೆಟ್ಟ ಸ್ಥಿತಿಯಲ್ಲಿ ಪ್ರತಿ ನಡೆಗೂ ಒಂದು ಹೊಸ ತೊಡಕು ಹುಡುಕುವ ಈ ಅಭ್ಯಾಸವೇ ನಕಾಮುರಾ ಅವರನ್ನು ಕ್ಲಾಸಿಕಲ್‌ನಲ್ಲೂ ಗಟ್ಟಿ ರಕ್ಷಣೆಯ ಆಟಗಾರನನ್ನಾಗಿ ಮಾಡಿದೆ. ನಾಲ್ಕನೆಯದು ಮರೆವು, ಅಂದರೆ ಸೋತದ್ದನ್ನು ಆ ಕ್ಷಣಕ್ಕೆ ಬದಿಗಿಡುವ ಶಕ್ತಿ. ಸ್ಪೀಡ್ ಚೆಸ್ ಚಾಂಪಿಯನ್‌ಷಿಪ್‌ನ ಒಂದು ಪಂದ್ಯದಲ್ಲಿ ಮೊದಲು ಐದು ನಿಮಿಷದ, ನಂತರ ಮೂರು ನಿಮಿಷದ, ಕೊನೆಗೆ ಒಂದು ನಿಮಿಷದ ಆಟಗಳು ಒಂದರ ಹಿಂದೆ ಒಂದು ಬರುತ್ತವೆ. 2022ರ ಫೈನಲ್‌ನಲ್ಲಿ ನಕಾಮುರಾ ಮತ್ತು ಕಾರ್ಲ್‌ಸನ್ ಒಟ್ಟು 28 ಆಟ ಆಡಿದರು, ಫಲಿತಾಂಶ 14.5–13.5. ಮರುವರ್ಷ ಅದೇ ಇಬ್ಬರ ನಡುವೆ ಕಾರ್ಲ್‌ಸನ್ 13.5–12.5ರಿಂದ ಗೆದ್ದರು. ಇಷ್ಟು ಸಣ್ಣ ಅಂತರದ ಕಾದಾಟದಲ್ಲಿ ಸೋತ ಆಟವನ್ನು ಮುಂದಿನ ಆಟಕ್ಕೆ ಹೊತ್ತುಕೊಂಡು ಹೋದವನಿಗೆ ಉಳಿಗಾಲವಿಲ್ಲ.

ಇನ್ನು ಇದೇ ಗುಣಗಳ ಬೆನ್ನಿಗಿರುವ ದೌರ್ಬಲ್ಯಗಳನ್ನು ನೋಡೋಣ. ಕಣ್ಣು ಥಟ್ಟನೆ ಗುರುತಿಸುತ್ತದೆ ಎಂಬುದು ಬಲವಾದರೆ, ಗುರುತಿಸಿದ ಕೂಡಲೇ ಹುಡುಕಾಟ ನಿಲ್ಲುತ್ತದೆ ಎಂಬುದು ಅಪಾಯ. ಮೆರಿಮ್ ಬಿಲಾಲಿಚ್, ಪೀಟರ್ ಮೆಕ್‌ಲಿಯಡ್, ಫರ್ನಾಂಡ್ ಗೊಬೆ 2008ರಲ್ಲಿ ಪ್ರಕಟಿಸಿದ ಅಧ್ಯಯನ ಈ ಅಪಾಯವನ್ನು ಕಣ್ಣಿಗೆ ಕಟ್ಟುವಂತೆ ತೋರಿಸಿತು. ಅವರು ಕೊಟ್ಟ ಸ್ಥಿತಿಯಲ್ಲಿ ಎರಡು ಪರಿಹಾರಗಳಿದ್ದವು. ಒಂದು ಎಲ್ಲರಿಗೂ ಗೊತ್ತಿರುವ, ಕುದುರೆಯಿಂದ ರಾಜನನ್ನು ಉಸಿರುಗಟ್ಟಿಸುವ ಚೆಕ್‌ಮೇಟ್. ಇನ್ನೊಂದು ಅಷ್ಟು ಪರಿಚಿತವಲ್ಲದ, ಆದರೆ ಇನ್ನೂ ಬೇಗ ಮುಗಿಯುವ ದಾರಿ. ಪಳಗಿದ ಆಟಗಾರರು ಮೊದಲನೆಯದನ್ನು ಕಂಡುಕೊಂಡ ಮೇಲೆ, ಇದಕ್ಕಿಂತ ಒಳ್ಳೆಯದಿದೆಯೇ ಎಂದು ಹುಡುಕುತ್ತಿದ್ದೇವೆ ಎಂದೇ ಹೇಳಿದರು. ಆದರೆ ಅವರ ಕಣ್ಣಿನ ಚಲನೆಯನ್ನು ದಾಖಲಿಸಿದ ಯಂತ್ರ ಬೇರೆಯೇ ಹೇಳಿತು: ದೃಷ್ಟಿ ಮತ್ತೆ ಮತ್ತೆ ಹಳೆಯ ಪರಿಹಾರದ ಮನೆಗಳಿಗೇ ಹೋಗುತ್ತಿತ್ತು. ಗೊತ್ತಿರುವುದು ಗೊತ್ತಿಲ್ಲದುದಕ್ಕೆ ಪರದೆ ಹಾಕಿತ್ತು. ಮೂರು ನಿಮಿಷದ ಆಟದಲ್ಲಿ ಮೊದಲ ಒಳ್ಳೆಯ ನಡೆಯನ್ನು ಆಡಿ ಮುಂದೆ ಹೋಗುವುದೇ ಸರಿ. ಅದೇ ಅಭ್ಯಾಸ ಎರಡು ಗಂಟೆಯ ಆಟಕ್ಕೂ ಬಂದರೆ ಆಗ ಕಷ್ಟ ಶುರು.

ವೇಗದ ಆಟಗಾರ ಆರಂಭದ ನಡೆಗಳಲ್ಲಿ ಗಿಮಿಕ್‌ಗಳಿಗೆ ಮನಸೋಲುವುದೂ ಇದೆ. 2005ರಲ್ಲಿ, 17ರ ಹರೆಯದ ನಕಾಮುರಾ ಸ್ಕ್ಯಾಂಡಿನೇವಿಯಾದ ಟೂರ್ನಿಯೊಂದರಲ್ಲಿ ನಮ್ಮ ಕೃಷ್ಣನ್ ಶಶಿಕಿರಣ್ ಎದುರು ಎರಡನೇ ನಡೆಗೇ ರಾಣಿಯನ್ನು ಎಚ್5ಕ್ಕೆ ತಂದು ನಿಲ್ಲಿಸಿದರು. ಹೊಸದಾಗಿ ಆಟ ಕಲಿತ ಮಕ್ಕಳು ನಾಲ್ಕು ನಡೆಯ ಮೇಟ್‌ಗೆ ಹೊಂಚು ಹಾಕುವ ನಡೆ ಅದು. ಬ್ಲಿಟ್ಜ್‌ನಲ್ಲಿ ಎದುರಾಳಿ ಗಲಿಬಿಲಿಗೊಂಡು ಸಮಯ ಕಳೆದುಕೊಳ್ಳಬಹುದು. ಗಂಟೆಗಟ್ಟಲೆ ಸಮಯವಿದ್ದ ಶಶಿಕಿರಣ್ ಶಾಂತವಾಗಿ ಉತ್ತರ ಹುಡುಕಿ, ದೀರ್ಘ ಹೋರಾಟದ ನಂತರ ಗೆದ್ದರು. ಎದುರಾಳಿಗೆ ಯೋಚಿಸಲು ಸಮಯ ಸಿಕ್ಕಿದರೆ ನಿಲ್ಲದ ತಂತ್ರ ನಿಜವಾದ ಬಂಡವಾಳವಲ್ಲ.

ಕೈಯ ಅಭ್ಯಾಸ ಇನ್ನೊಂದು. ಪರದೆಯ ಮೇಲೆ ಕಾಯಿಯನ್ನು ಎತ್ತಿ, ಮನಸ್ಸು ಬದಲಾದರೆ ಅದೇ ಮನೆಯಲ್ಲಿ ಮತ್ತೆ ಇಡಬಹುದು. ಎದುರಾಳಿ ಆಡುವ ಮೊದಲೇ ನಮ್ಮ ಮುಂದಿನ ನಡೆಯನ್ನು ನಮೂದಿಸಿಡುವ ಪ್ರಿಮೂವ್ ಸೌಲಭ್ಯವೂ ಇದೆ. ಬೋರ್ಡಿನ ಮುಂದೆ ಇವೆರಡೂ ಇಲ್ಲ. ಮುಟ್ಟಿದ ಕಾಯಿಯನ್ನು ನಡೆಸಲೇಬೇಕು. 2016ರ ಮಾಸ್ಕೋ ಕ್ಯಾಂಡಿಡೇಟ್ಸ್‌ನ ಆರನೇ ಸುತ್ತಿನಲ್ಲಿ ಲೆವೊನ್ ಅರೋನಿಯನ್ ಎದುರು, ಗಂಟೆಗಟ್ಟಲೆ ರಕ್ಷಿಸಿಕೊಂಡು ಬಂದಿದ್ದ ಆನೆಗಳ ಎಂಡ್‌ಗೇಮ್‌ನಲ್ಲಿ ನಕಾಮುರಾ ರಾಜನನ್ನು ಮುಟ್ಟಿಬಿಟ್ಟರು. ತಕ್ಷಣ ಕೈ ಹಿಂದೆಗೆದು, ಕಾಯಿ ಸರಿಪಡಿಸುತ್ತಿದ್ದೆ ಎಂಬರ್ಥದ ಮಾತು ಹೇಳಿದರೂ ಅರೋನಿಯನ್ ಒಪ್ಪಲಿಲ್ಲ. ರಾಜನನ್ನೇ ನಡೆಸಬೇಕಾಯಿತು, ಆಟ ಕೈತಪ್ಪಿತು. ಎಂಥ ದೊಡ್ಡ ಆಟಗಾರನಿಗೂ ಕೈ ತಲೆಗಿಂತ ಮುಂದೆ ಓಡುವ ಕ್ಷಣ ಬರುತ್ತದೆ.

ಆದರೆ ಎಲ್ಲಕ್ಕಿಂತ ದುಬಾರಿಯಾದ ಕೊರತೆ ನಿರ್ಣಾಯಕ ಘಟ್ಟದ್ದು. ಕಾರ್ಲ್‌ಸನ್ ಎದುರು ಕ್ಲಾಸಿಕಲ್‌ನಲ್ಲಿ ನಕಾಮುರಾ ಮೊದಲ ಬಾರಿ ಗೆದ್ದದ್ದು 2016ರಲ್ಲಿ, ಸ್ಪೇನಿನ ಬಿಲ್ಬಾವೊದಲ್ಲಿ. ಅದಕ್ಕೂ ಮೊದಲು 12 ಬಾರಿ ಸೋತಿದ್ದರು. ಆ ಸೋಲುಗಳಲ್ಲಿ ಒಂದು 2014ರ ಜ್ಯೂರಿಕ್ ಆಟ. ಕಾರ್ಲ್‌ಸನ್ ರಾಜನ ಮೇಲಿನ ದಾಳಿ ಗೆಲುವಿನ ಅಂಚಿಗೆ ಬಂದಿತ್ತು. ಇನ್ನೊಂದೆರಡು ನಿಖರ ನಡೆ ಸಾಕಿತ್ತು. ಅವೇ ತಪ್ಪಿದವು, ಆಟ ತಿರುಗಿಬಿತ್ತು. 2022ರ ಮ್ಯಾಡ್ರಿಡ್ ಕ್ಯಾಂಡಿಡೇಟ್ಸ್‌ನ ಕೊನೆಯ ಸುತ್ತಿನಲ್ಲಂತೂ ಡಿಂಗ್ ಲಿರೆನ್ ಎದುರು ಡ್ರಾ ಮಾಡಿಕೊಂಡಿದ್ದರೆ ನಕಾಮುರಾ ಎರಡನೇ ಸ್ಥಾನ ಪಡೆಯುತ್ತಿದ್ದರು. ಸೋತು ನಾಲ್ಕನೆಯವರಾದರು. ಕೆಲವೇ ದಿನಗಳಲ್ಲಿ, ಆಗ ವಿಶ್ವ ಚಾಂಪಿಯನ್ ಆಗಿದ್ದ ಕಾರ್ಲ್‌ಸನ್ ಪಟ್ಟ ಉಳಿಸಿಕೊಳ್ಳಲು ಆಡುವುದಿಲ್ಲ ಎಂದು ಘೋಷಿಸಿದರು. ಎರಡನೇ ಸ್ಥಾನದ ಡಿಂಗ್‌ಗೆ ವಿಶ್ವ ಚಾಂಪಿಯನ್‌ಷಿಪ್ ಪಂದ್ಯ ಸಿಕ್ಕಿತು, 2023ರಲ್ಲಿ ಅವರು ಚಾಂಪಿಯನ್ ಕೂಡ ಆದರು. 2024ರ ಟೊರಾಂಟೊ ಕ್ಯಾಂಡಿಡೇಟ್ಸ್‌ನಲ್ಲಿ ವಿದಿತ್ ಗುಜರಾತಿ ಅವರು ನಕಾಮುರಾ ಅವರನ್ನು ಎರಡೂ ಆಟಗಳಲ್ಲಿ ಸೋಲಿಸಿದರು. ಕೊನೆಯ ಸುತ್ತಿನಲ್ಲಿ ಬಿಳಿ ಕಾಯಿ ಹಿಡಿದ ನಕಾಮುರಾ ಗುಕೇಶ್ ಅವರನ್ನು ಸೋಲಿಸಲೇಬೇಕಿತ್ತು. ವೇಗದ ಆಟದಲ್ಲಿ ಅಷ್ಟೇನೂ ಹೆಸರು ಮಾಡಿರದ 17ರ ಆ ಹುಡುಗ, ಸಮಯವಿದ್ದಷ್ಟೂ ಯೋಚಿಸಿ, ಒಂದು ಬಿರುಕೂ ಬಿಡದೆ ಡ್ರಾ ಮಾಡಿಕೊಂಡು ಟೂರ್ನಿ ಗೆದ್ದರು.

ಹಾಗೆಂದು ನಕಾಮುರಾ ಅವರನ್ನು ವೇಗವೇ ಕೆಡಿಸಿತು ಎನ್ನುವುದು ಅನ್ಯಾಯದ ತೀರ್ಮಾನ. ಅವರ ಬಾಳಿನ ಎರಡನೇ ಭಾಗ ಅದಕ್ಕೆ ಉತ್ತರ ಕೊಡುತ್ತದೆ. ಕೋವಿಡ್ ಕಾಲದಲ್ಲಿ ಅವರು ಲಕ್ಷಾಂತರ ಜನ ನೋಡುವ ಸ್ಟ್ರೀಮರ್ ಆದರು. ಎರಡು ವರ್ಷಕ್ಕೂ ಹೆಚ್ಚು ಕಾಲ ಕ್ಲಾಸಿಕಲ್ ಟೂರ್ನಿಗಳಿಂದ ದೂರವಿದ್ದರು. 2022ರಲ್ಲಿ ಫಿಡೆ ಗ್ರ್ಯಾನ್‌ಪ್ರಿಗೆ ವೈಲ್ಡ್ ಕಾರ್ಡ್ ಮೂಲಕ ಬಂದು ಬರ್ಲಿನ್‌ನ ಮೊದಲ ಹಂತವನ್ನು ಗೆದ್ದರು, ಇಡೀ ಸರಣಿಯನ್ನೂ ಗೆದ್ದರು. 2023ರಲ್ಲಿ ನಾರ್ವೆ ಚೆಸ್ ಗೆದ್ದರು. ಟೊರಾಂಟೊದಲ್ಲಿ ಪಟ್ಟ ತಪ್ಪಿದ್ದು ಅರ್ಧ ಅಂಕದಿಂದ. ಮೂವತ್ತೈದು ದಾಟಿದ ವಯಸ್ಸಿನಲ್ಲಿ ಇಂಥ ಎತ್ತರ ಸಾಮಾನ್ಯವಲ್ಲ. ಆನ್‌ಲೈನ್ ಆಟ ಅವರ ಕಣ್ಣನ್ನು ಹರಿತವಾಗಿಯೇ ಇಟ್ಟಿತ್ತು. ಅದರ ಜೊತೆಗೆ ಆರಂಭಗಳ ಶಿಸ್ತಿನ ತಯಾರಿ, ಅನಗತ್ಯ ಸಾಹಸಗಳಿಗೆ ಕಡಿವಾಣ, ಬೋರ್ಡಿನ ಮುಂದೆ ಕೂತು ಲೆಕ್ಕ ಹಾಕುವ ತಾಳ್ಮೆ ಸೇರಿದವು. ಕಠಿಣ ಘಟ್ಟದಲ್ಲಿ ಅವರು ಬೋರ್ಡಿನಿಂದ ಕಣ್ಣೆತ್ತಿ ಚಾವಣಿಯನ್ನೇ ನೋಡುತ್ತಾ ಯೋಚಿಸುವುದನ್ನು ಗಮನಿಸಿರುವವರಿಗೆ ಇದು ಗೊತ್ತು: ಅಲ್ಲಿ ಕೈ ಸುಮ್ಮನಿರುತ್ತದೆ, ಮನಸ್ಸು ಮಾತ್ರ ಆಡುತ್ತಿರುತ್ತದೆ.

ನಮ್ಮವರೇ ಆದ ವಿಶ್ವನಾಥನ್ ಆನಂದ್ ಈ ಹಾದಿಯನ್ನು ಮೊದಲೇ ತೋರಿಸಿದ್ದರು. ಹುಡುಗನಾಗಿದ್ದಾಗ ಕ್ಲಾಸಿಕಲ್ ಆಟವನ್ನೂ ಬ್ಲಿಟ್ಜ್‌ನಂತೆ ಆಡಿ ‘ಲೈಟ್ನಿಂಗ್ ಕಿಡ್’ ಎನಿಸಿಕೊಂಡವರು ಅವರು. ನಿಲ್ಲುವುದನ್ನೂ ಕಲಿತ ಮೇಲೆ ಐದು ಬಾರಿ ವಿಶ್ವ ಚಾಂಪಿಯನ್ ಆದರು. ವೇಗವನ್ನೂ ಬಿಡಲಿಲ್ಲ, 2017ರಲ್ಲಿ, 48ನೇ ವಯಸ್ಸಿನಲ್ಲಿ ವಿಶ್ವ ರ್‍ಯಾಪಿಡ್ ಪಟ್ಟ ಗೆದ್ದರು.

ಹಾಗಾದರೆ ದಿನಕ್ಕೆ ಹತ್ತಾರು ಬ್ಲಿಟ್ಜ್ ಆಡುವ ಸಾಮಾನ್ಯ ಆಟಗಾರ ಏನು ಮಾಡಬೇಕು? ಮೊದಲ ಕೆಲಸ, ಸಮಯವನ್ನು ಓದುವುದು. ಆನ್‌ಲೈನ್ ತಾಣಗಳು ಪ್ರತಿ ನಡೆಗೆ ಎಷ್ಟು ಸೆಕೆಂಡ್ ಹಿಡಿಯಿತು ಎಂಬುದನ್ನು ದಾಖಲಿಸುತ್ತವೆ. ಹೆಚ್ಚಿನವರು ಈ ಅಂಕಿಯನ್ನು ನೋಡುವುದೇ ಇಲ್ಲ. ನೋಡಿದರೆ ತಿಳಿಯುತ್ತದೆ: ಗೊತ್ತಿರುವ ಆರಂಭದ ಆರನೇ ನಡೆಗೆ 20 ಸೆಕೆಂಡ್ ಖರ್ಚಾಗಿರುತ್ತದೆ, ರಾಣಿಗಳನ್ನು ವಿನಿಮಯ ಮಾಡಬೇಕೇ ಬೇಡವೇ ಎಂಬ ಘಟ್ಟದಲ್ಲಿ ಎರಡೇ ಸೆಕೆಂಡ್. ಸುಧಾರಣೆ ಶುರುವಾಗುವುದು ಈ ಹಂಚಿಕೆಯನ್ನು ತಿರುವುಮುರುವು ಮಾಡಿದಾಗ. ಕಾಯಿಗಳ ವಿನಿಮಯ, ಕಾಲಾಳುಗಳ ಸ್ವರೂಪ ಬದಲಿಸುವ ನಡೆ, ರಾಜನ ಮುಂದಿನ ಬಾಗಿಲು ತೆರೆಯುವ ನಡೆ: ಈ ಮೂರು ಕಡೆ ನಿಂತು ಎದುರಾಳಿಯ ಚೆಕ್‌ಗಳನ್ನೂ ಹೊಡೆತಗಳನ್ನೂ ಒಮ್ಮೆ ನೋಡುವ ನಿಯಮ ಹಾಕಿಕೊಳ್ಳಬೇಕು.

ಎರಡನೆಯದು ಸೋಲಿನ ವಿಂಗಡಣೆ. ಗೆಲ್ಲುವ ಸ್ಥಿತಿಯಲ್ಲಿ ಸಮಯ ಮುಗಿದು ಸೋತದ್ದು, ಕಾಯಿಯನ್ನು ಸುಮ್ಮನೆ ಬಿಟ್ಟುಕೊಟ್ಟದ್ದು, ಆರಂಭದಲ್ಲೇ ಸಿಕ್ಕಿಬಿದ್ದದ್ದು, ಎಂಡ್‌ಗೇಮ್ ಗೊತ್ತಿಲ್ಲದೆ ಕಳೆದದ್ದು ಎಂದು ಬೇರೆ ಬೇರೆ ಬರೆದಿಡಬೇಕು. ನಾಲ್ಕಕ್ಕೂ ಮದ್ದು ಬೇರೆ. ಸಮಯ ಮುಗಿದು ಸೋಲುವವನು 3+0 ಬಿಟ್ಟು 3+2ಕ್ಕೆ ಬಂದರೆ ಗೆಲ್ಲುವ ಸ್ಥಿತಿಯನ್ನು ಗೆಲ್ಲುವುದು ಹೇಗೆಂದು ಕಲಿಯಲು ಅವಕಾಶ ಸಿಗುತ್ತದೆ. ಕಾಯಿ ಬಿಟ್ಟುಕೊಡುವವನು ಪ್ರಿಮೂವ್ ಅನ್ನು ಬೇರೆ ದಾರಿಯೇ ಇಲ್ಲದ ಕಡೆಗೆ ಮಾತ್ರ ಸೀಮಿತಗೊಳಿಸಬೇಕು. ಆರಂಭದಲ್ಲಿ ಮುಗ್ಗರಿಸುವವನು ಹೊಸ ಹೊಸ ಬಲೆಗಳನ್ನು ಹುಡುಕುವ ಬದಲು, ಬಿಳಿಗೆ ಒಂದು ಕಪ್ಪಿಗೆ ಎರಡು ಗಟ್ಟಿ ಆರಂಭಗಳನ್ನು ಹಿಡಿದು ವರ್ಷವಿಡೀ ಆಡಬೇಕು. ಎಂಡ್‌ಗೇಮ್‌ನಲ್ಲಿ ಸೋಲುವವನು ರಾಜ–ಕಾಲಾಳು ಎಂಡ್‌ಗೇಮ್, ಆನೆ–ಕಾಲಾಳಿನ ಲುಸೇನಾ ಮತ್ತು ಫಿಲಿಡೋರ್ ಸ್ಥಿತಿಗಳನ್ನು ನಿದ್ದೆಯಲ್ಲಿ ಕೇಳಿದರೂ ಹೇಳುವಷ್ಟು ಅಭ್ಯಾಸ ಮಾಡಬೇಕು. ಐದು ಸೆಕೆಂಡ್ ಉಳಿದಾಗ ಯೋಚಿಸಿ ಕಂಡುಹಿಡಿಯುವಂಥವಲ್ಲ ಅವು.

ಮೂರನೆಯದು ಎಂಜಿನ್ ಬಳಸುವ ಕ್ರಮ. ಆಟ ಮುಗಿದ ಕೂಡಲೇ ಯಂತ್ರದ ವಿಶ್ಲೇಷಣೆ ತೆರೆದರೆ, ಸರಿ ಉತ್ತರ ಕಾಣುತ್ತದೆ, ತಪ್ಪಿನ ಕಾರಣ ಕಾಣುವುದಿಲ್ಲ. ಮೊದಲು ತಾನೇ ಆಟವನ್ನು ಹಿಂದಕ್ಕೆ ತಿರುಗಿಸಿ, ಎಲ್ಲಿ ಏನನ್ನು ನೋಡಲಿಲ್ಲ, ಏಕೆ ನೋಡಲಿಲ್ಲ ಎಂದು ಎರಡು ಸಾಲು ಬರೆದು, ನಂತರ ಯಂತ್ರವನ್ನು ಕೇಳಬೇಕು. ನಾಲ್ಕನೆಯದು ಮನಸ್ಸಿನ ಶಿಸ್ತು. ಎರಡು ಆಟ ಸತತ ಸೋತ ಮೇಲೆ ಮೂರನೆಯದನ್ನು ಆಡಿಸುವುದು ಹೆಚ್ಚಾಗಿ ಸಿಟ್ಟು. ಸಿಟ್ಟಿನಲ್ಲಿ ಆಡಿದ ಆಟಗಳು ಕೆಟ್ಟ ಅಭ್ಯಾಸವನ್ನೇ ಗಟ್ಟಿ ಮಾಡುತ್ತವೆ. ಐದನೆಯದು, ವಾರಕ್ಕೆ ಒಂದಾದರೂ ನಿಧಾನದ ಆಟ, ಸಾಧ್ಯವಾದರೆ ಮರದ ಬೋರ್ಡಿನ ಮುಂದೆ, ನಡೆಗಳನ್ನು ಬರೆದುಕೊಳ್ಳುತ್ತಾ. ವಾರಾಂತ್ಯದ ಟೂರ್ನಿಗಳು ಈಗ ಬೆಂಗಳೂರು, ಮೈಸೂರು, ಶಿವಮೊಗ್ಗದಂಥ ಊರುಗಳಲ್ಲಿ ನಡೆಯುತ್ತವೆ. ಮುಟ್ಟಿದ ಕಾಯಿಯನ್ನು ಆಡಲೇಬೇಕಾದ ಕಡೆ ಕೂತು ಅಭ್ಯಾಸವಾಗದವನಿಗೆ ಆನ್‌ಲೈನ್ ರೇಟಿಂಗ್ ನಿಜವಾದ ಅಳತೆ ಕೊಡುವುದಿಲ್ಲ.

ಪ್ರಗತಿಯನ್ನು ಅಳೆಯುವ ಕೋಲೂ ಬದಲಾಗಬೇಕು. ಬ್ಲಿಟ್ಜ್ ರೇಟಿಂಗ್ ಒಂದು ಸಂಜೆಯಲ್ಲಿ ನೂರು ಅಂಕ ಏರಿ ಇಳಿಯಬಲ್ಲದು. ಅದನ್ನು ನೋಡಿ ಹಿಗ್ಗುವುದೂ ಕುಗ್ಗುವುದೂ ಬೇಡ. ತಿಂಗಳ ಕೊನೆಗೆ ಸೋಲಿನ ಪಟ್ಟಿಯನ್ನು ತೆಗೆದು, ಕಳೆದ ತಿಂಗಳ ತಪ್ಪುಗಳೇ ಮತ್ತೆ ಬಂದಿವೆಯೇ ಎಂದು ನೋಡಿ. ಹಳೆಯವು ಕಡಿಮೆಯಾಗಿ ಹೊಸ ತಪ್ಪುಗಳು ಕಾಣುತ್ತಿದ್ದರೆ ವೇಗದ ಆಟ ಕಲಿಸುತ್ತಿದೆ, ಧೈರ್ಯವಾಗಿ ಮುಂದುವರಿಸಿ. ಹಳೆಯವೇ ಹಾಗೇ ಉಳಿದಿದ್ದರೆ ಆಟಗಳ ಸಂಖ್ಯೆಯನ್ನು ಅರ್ಧಕ್ಕೆ ಇಳಿಸಿ, ಉಳಿದ ಸಮಯವನ್ನು ಆಡಿದ ಆಟಗಳನ್ನು ಓದಲು ಕೊಡಿ.